ಆ ಮನೆಯ ಮಾತು

ಹುಬ್ಬಳ್ಳಿಯಿಂದ ನಮ್ಮೂರ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಡಕಿಯ ಬದಿಗೆ ಜಾಗ ಸಿಕ್ಕವನು ಟಿಕೀಟಿನ ಹೊರತಾಗಿ ಇನ್ನೊಂದು ಕಂದಾಯವನ್ನು ತೆರಬೇಕಾಗುತ್ತದೆ. ಮಗ್ಗುಲಲ್ಲಿ ಕುಳಿತ ಹಿರಿಯರು ಕೇಳಿದ್ದಕ್ಕೆಲ್ಲ ಉತ್ತರ ಹೇಳುವದೇ ಆ ಕಂದಾಯ. ಬಸ್ಸು ನಿಲ್ದಾಣದಿಂದ ಹೊರಬೀಳುವದರೊಳಗೆ "ಯಾವೂರಾತ್ರೀ ತಮ್ಮದು?" ಎಂಬುದು ಆಗಿರುತ್ತದೆ. "ಯರಗುಪ್ಪಿ" ಎಂದರೆ, "ಯರಗುಪ್ಪ್ಯಾಗ ಯಾರ ಪೈಕಿ?" ಎಂದು ಎರಡನೆಯದು. ಪಟ್ಟಣದ ಮನೆಗಳು ಹಿಂದಾಗಿ ಕಪ್ಪು ಎರೆಹೊಲಗಳು ಕಣ್ಣಿಗೆ ಬೀಳುವ ಹೊತ್ತಿಗೆ ಮದುವೆ, ಮಕ್ಕಳು, ಹೆಂಡತಿಯ ತವರುಮನೆ, ಹೊಲದ ಎಕರೆ ಎಲ್ಲವೂ ಒಂದೊಂದಾಗಿ ಮುಗಿದು, ಕೊನೆಗೆ ಆ ಪ್ರಶ್ನೆ ಬಂದೇ ಬರುತ್ತದೆ: "ಪಗಾರ ಎಷ್ಟ ಬರತೈತಿ?"

ಪಟ್ಟಣದ ಸಭ್ಯತೆಯಲ್ಲಿ ಪಳಗಿದವರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಗಂಡಸಿನ ಸಂಬಳವನ್ನೂ ಹೆಂಗಸಿನ ವಯಸ್ಸನ್ನೂ ಕೇಳಬಾರದೆಂಬ ಸೂತ್ರ ಅವರ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ನನಗೆ ಮಾತ್ರ ಈ ಪ್ರಶ್ನೆಗಳಿಂದ ಎಂದೂ ನೋವಾದದ್ದಿಲ್ಲ. ಏಕೆಂದರೆ ಕೇಳಿದವರು ತಮ್ಮದನ್ನೂ ಬಿಚ್ಚಿ ಹೇಳುತ್ತಾರೆ. ಈ ಸಾರೆ ಮೆಣಸಿನಕಾಯಿ ಎಷ್ಟು ಚೀಲವಾಯಿತು, ಸೊಸೈಟಿಯ ಸಾಲ ಎಷ್ಟು ಉಳಿಯಿತು, ಅಳಿಯನಿಗೆ ಕುಡಿತ ಹೇಗೆ ಅಂಟಿಕೊಂಡಿತು ಎಂಬುದೆಲ್ಲ ನಾನು ಕೇಳದೆಯೇ ನನ್ನ ಕಿವಿಗೆ ಬೀಳುತ್ತದೆ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಅದು. ಇಳಿಯುವಾಗ ಇಬ್ಬರ ಲೆಕ್ಕವೂ ಚುಕ್ತಾ ಆಗಿರುತ್ತದೆ.

ನಾನು ಈಗ ಹೇಳಹೊರಟದ್ದು ಚುಕ್ತಾ ಆಗದ ಪ್ರಶ್ನೆಗಳ ವಿಷಯ. ಇದ್ದ ನೌಕರಿಯಲ್ಲಿ ಇದ್ದುಕೊಂಡೇ ಇನ್ನೊಂದು ನೌಕರಿಯನ್ನು ಹುಡುಕುವ ಗೃಹಸ್ಥನಿಗೆ ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳು. ಕೇಳುವವರನ್ನು ಈಗ ರಿಕ್ರೂಟರ್ ಎಂದು ಕರೆಯುತ್ತಾರೆ. ಕಂಪನಿಗೆ ಮನುಷ್ಯರನ್ನು ಹುಡುಕಿಕೊಡುವದು ಅವರ ಉದ್ಯೋಗ.

ಕೆಲಸವೇ ಇಲ್ಲದವನ ಕಷ್ಟ ದೊಡ್ಡದು. ಅದರ ಮುಂದೆ ನನ್ನದು ಕಷ್ಟವೆಂದು ಹೇಳಿಕೊಳ್ಳುವದಕ್ಕೂ ನಾಚಿಕೆ. ಆದರೆ ಅವನಿಗೆ ಇರುವ ಒಂದು ಸೌಕರ್ಯ ನನಗಿಲ್ಲ. ಅವನು ಗಟ್ಟಿಯಾಗಿ ಮಾತನಾಡಬಹುದು. ನಾನು ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವನು. ನನ್ನ ಮೇಜಿನಿಂದ ವ್ಯವಸ್ಥಾಪಕರ ಕೋಣೆಗೆ ಎಂಟು ಹೆಜ್ಜೆ. ಮುಂಜಾನೆ ಹನ್ನೊಂದೂವರೆಗೆ ಮೊಬೈಲ್ ಗುಣುಗುಟ್ಟಿದರೆ, ಮನೆಯಲ್ಲಿ ಯಾರಿಗೋ ಜಡ್ಡಾಗಿದೆಯೆಂಬ ಮುಖ ಮಾಡಿಕೊಂಡು ಎದ್ದು, ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖ ಕೊಟ್ಟು ನಿಲ್ಲಬೇಕು. ಕಸ ಗುಡಿಸುವ ಅಜ್ಜಿ ಒಂದೇ ಮೆಟ್ಟಿಲನ್ನು ಮೂರು ಸಾರೆ ಗುಡಿಸುತ್ತಾಳೆ. ಅವಳಿಗೆ ನನ್ನ ಮನೆಯ ಜಡ್ಡು ಯಾವುದೆಂದು ಬಹಳ ಹಿಂದೆಯೇ ಗೊತ್ತಾಗಿರಬೇಕು.

ಪ್ರಶ್ನೆಗಳಾದರೂ ಎಂಥವು! ಈಗ ಎಷ್ಟು ಸಂಬಳ? ಅದರಲ್ಲಿ ಕೈಗೆ ಎಷ್ಟು? ಮೂರು ತಿಂಗಳ ಪೇ ಸ್ಲಿಪ್ಪು ಈಗಿಂದೀಗ ಕಳಿಸುವಿರಾ? ಏಕೆ ಬಿಡುತ್ತೀರಿ? ಸಾಹೇಬರ ಕೂಡ ಜಗಳವೆ? ಬೇರೆ ಎಲ್ಲೆಲ್ಲಿ ಪ್ರಯತ್ನ ನಡೆದಿದೆ? ಅವರು ಎಷ್ಟು ಕೊಡುತ್ತೇವೆ ಅಂದರು? ಹೆಂಡತಿಗೆ ನೌಕರಿ ಇದೆಯೆ? ತಂದೆ ತಾಯಿ ನಿಮ್ಮ ಹತ್ತಿರವೇ ಇರುತ್ತಾರೆಯೆ? ನನ್ನ ತಂಗಿಗಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಮಕ್ಕಳ ವಿಚಾರ ಏನಾದರೂ ಇದೆಯೇ?" ಎಂದು ಕೇಳಿದರು. ನೇಮಕದಲ್ಲಿ ಹೆಣ್ಣು-ಗಂಡೆಂಬ ಭೇದ ಮಾಡಕೂಡದೆಂದು 1976ರ ಸಮಾನ ವೇತನ ಕಾಯದೆ ಹೇಳಿತ್ತು; 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕಾಯದೆ ಬದಲಾದರೂ ಪ್ರಶ್ನೆ ಬದಲಾಗಿಲ್ಲ.

ಮೊದಲ ಸಲ ನಾನು ಬಸ್ಸಿನಲ್ಲಿ ಕುಳಿತವನ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೇಳಿದ್ದಕ್ಕೆ ಉತ್ತರ ಕೊಡುವದು ನಮ್ಮ ಹಳ್ಳಿಯವರ ಹಾಡು-ಹಸೆಯಷ್ಟೇ ಹಳೆಯ ರೂಢಿ. ಸಂಬಳ ಹೇಳಿದೆ. ಪೇ ಸ್ಲಿಪ್ಪು ಕಳಿಸಿದೆ. "ನಿಮ್ಮ ಈಗಿನ ಮೇಲಧಿಕಾರಿಯ ಹೆಸರು, ಮೊಬೈಲ್ ನಂಬರು" ಎಂಬ ಕಾಲಮಿನಲ್ಲಿ ಅದನ್ನೂ ಬರೆದೆ. ಕಾಲಮು ಇದೆ, ತುಂಬಬೇಕು. ಶಾಲೆಯಲ್ಲಿ ಕಲಿತದ್ದು ಅಷ್ಟೇ. ಅವರು ಅದನ್ನು ಈಗಲೇ ತಿರುವುವರೆಂದು ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ವ್ಯವಸ್ಥಾಪಕರು ಒಳಗೆ ಕರೆದರು. ಬಾಗಿಲು ಮುಂದೆ ಮಾಡಿಸಿದರು.

"ಏನ್ರೀ, ನಮ್ಮನ್ನ ಬಿಟ್ಟ ಹೊಂಟೀರಂತ?"

ನನಗೆ ಬಾಯಿ ಒಣಗಿತು. ಅವರು ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಸಿಟ್ಟು ಮಾಡಲಿಲ್ಲ. "ಹೋಗೂದಕ್ಕ ನನಗ ಬ್ಯಾಸರ ಇಲ್ಲರಿ. ಎಲ್ಲಾರೂ ಹೋಗತಾರ. ಯಾರೋ ಗುರ್ತ ಇಲ್ಲದವರ ಬಾಯಿಲೆ ಕೇಳಬೇಕಾತಲ್ಲ, ಅದಕ್ಕ ಬ್ಯಾಸರ" ಎಂದರು. ಆ ಹೊಸ ನೌಕರಿ ಬರಲಿಲ್ಲ. ಏಕೆ ಬರಲಿಲ್ಲವೆಂದು ಯಾರೂ ತಿಳಿಸಲೂ ಇಲ್ಲ. ಆ ದೀಪಾವಳಿಗೆ ನಮ್ಮ ಕಂಪನಿಯ ಹೊಸ ಶಾಖೆಯ ಲೆಕ್ಕ ನನ್ನ ಕೈಗೆ ಬರಬೇಕಾಗಿತ್ತು. ಅದು ನನಗಿಂತ ಕಿರಿಯನೊಬ್ಬನ ಕೈಗೆ ಹೋಯಿತು. "ನೀವು ಹೆಂಗಿದ್ರೂ ಹೋಗವರು" ಎಂಬ ಮಾತು ಯಾರೂ ಆಡಲಿಲ್ಲ. ಆದರೆ ಅದು ಕಚೇರಿಯ ಗಾಳಿಯಲ್ಲಿತ್ತು. ಹೋಗಲಿಕ್ಕೆ ಬೇರೆ ಮನೆಯಿಲ್ಲ, ಇದ್ದ ಮನೆಯಲ್ಲಿ ಹಳೆಯ ಮುಖವಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ಈ ಕತೆ ಕೇಳಿ ಗೆಳೆಯನೊಬ್ಬ ನನ್ನ ಬೆನ್ನು ತಟ್ಟಿ ಬುದ್ಧಿ ಹೇಳಿದ. "ಹುಚ್ಚಪ್ಪಾ, ಖರೇ ಯಾರ ಹೇಳತಾರ? ಇದ್ದದ್ದಕ್ಕ ಮೂವತ್ತು ಪ್ರತಿಶತ ಏರಿಸಿ ಹೇಳು. ಎಲ್ಲಾರೂ ಹಂಗ ಮಾಡತಾರ." ನಾನು ಒಂದು ರಾತ್ರಿ ಅದನ್ನು ಮಗ್ಗುಲು ಬದಲಿಸುತ್ತ ವಿಚಾರ ಮಾಡಿದೆ. ಧರ್ಮದ ಮಾತು ಹಾಗಿರಲಿ, ವ್ಯವಹಾರದ ಮಾತಾಗಿಯೂ ಅದು ನಿಲ್ಲುವಂತಿರಲಿಲ್ಲ. ಭವಿಷ್ಯ ನಿಧಿಯ ಖಾತೆಗೆ 2014ರಿಂದ ಪ್ರತಿಯೊಬ್ಬ ನೌಕರನಿಗೂ ಹನ್ನೆರಡು ಅಂಕಿಗಳ ಒಂದು ಸಂಖ್ಯೆ ಬಂದಿದೆ. ನೌಕರಿ ಬದಲಾದರೂ ಅದು ಬದಲಾಗುವದಿಲ್ಲ. ಆ ಪುಸ್ತಕ ತೆರೆದರೆ ಯಾವ ತಿಂಗಳು ಯಾವ ಕಂಪನಿ ಎಷ್ಟು ತುಂಬಿತೆಂಬುದು ಕಾಣುತ್ತದೆ, ಅದರಿಂದ ಮೂಲ ವೇತನವನ್ನು ಲೆಕ್ಕ ಬಲ್ಲ ಯಾರಾದರೂ ಬೆರಳ ಮೇಲೆ ತೆಗೆಯಬಹುದು. ಎತ್ತಿನ ಸಂತೆಯಲ್ಲಿ ಮಾರುವವನು ವಯಸ್ಸನ್ನು ಎಷ್ಟು ಇಳಿಸಿ ಹೇಳಿದರೇನು, ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಅಲ್ಲದೆ, ಇಡಿಯ ದಿನ ಇನ್ನೊಬ್ಬರ ಲೆಕ್ಕವನ್ನು ಸರಿಮಾಡುವವನು ಸಂಜೆಗೆ ತನ್ನ ಲೆಕ್ಕವನ್ನು ತಾನೇ ತಿದ್ದಿದರೆ ಮರುದಿನ ಪೆನ್ನು ಹಿಡಿಯುವ ಕೈ ನೆಟ್ಟಗಿರುವದೆ?

ಅಂದಮೇಲೆ ಖರೆ ಹೇಳಿದರೆ ಕೆಟ್ಟೆ, ಸುಳ್ಳು ಹೇಳಿದರೆ ಸಿಕ್ಕೆ. ಮೂರನೆಯ ದಾರಿ ಇದೆಯೆಂದು ನನಗೆ ಕಲಿಸಿದವರು ಯಾವ ಪಟ್ಟಣದ ಪಂಡಿತರೂ ಅಲ್ಲ.

ಮುಂದಿನ ಯುಗಾದಿಗೆ ಊರಿಗೆ ಹೋಗಿದ್ದೆ. ಹಬ್ಬದ ಮರುದಿನ ಮುಂಜಾನೆ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಎದುರಿಗೆ ಕಾಕಾ ಕುಳಿತಿದ್ದ. ಕಾಕಾ ರಕ್ತಸಂಬಂಧಿಯಲ್ಲ. ಹಿಂದೆ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಸಂಬಳದಾಳಾಗಿ ದುಡಿದವನು. ನನ್ನನ್ನು ಚಕ್ಕಡಿಯ ಮೇಲೆ ಕೂರಿಸಿಕೊಂಡು ಹೊಲಕ್ಕೆ ಒಯ್ದವನು. ಈಗ ಅವನ ಮಕ್ಕಳು ದುಡಿಯುತ್ತಾರೆ. ಅವನಿಗೆ ಯಾರ ಮನೆಯ ಆಳ್ತನವೂ ಬೇಕಾಗಿಲ್ಲ. ಆದರೂ ಹಬ್ಬಕ್ಕೊಮ್ಮೆ ಬಂದು ನಮ್ಮ ಕಟ್ಟೆಯ ಮೇಲೆ ಚಹ ಕುಡಿದು ಹೋಗುವದನ್ನು ಬಿಟ್ಟಿಲ್ಲ.

ಆಗಲೇ ನನ್ನ ಮೊಬೈಲ್ ಗುಣುಗುಟ್ಟಿತು. ರಜೆಯಲ್ಲಿಯೂ ಬಿಡದೆ ಮುಂಬಯಿಯಿಂದ ಯಾರೋ. ಅದೇ ಪ್ರಶ್ನೆ. "ನಾಳೆ ಮಾತಾಡೋಣ" ಎಂದು ತಪ್ಪಿಸಿಕೊಂಡು ಬಂದು ಕುಳಿತೆ.

"ಯಾರದೋ ಫೋನು?" ಎಂದರು ಅಪ್ಪ.

"ಹೊಸಾ ನೌಕರಿದು, ಅಪ್ಪಾ. ಈಗ ಎಷ್ಟ ಪಗಾರ ಅಂತ ಕೇಳತಾರ."

"ಕೇಳತಾರ. ರೊಕ್ಕಾ ಕೊಡಾವ್ರು ಕೇಳಬೇಕಲ್ಲ" ಎಂದರು ಅಪ್ಪ, ಆಳು ಇಟ್ಟವರ ದನಿಯಲ್ಲಿ.

ಕಾಕಾ ಚಹದ ಬಟ್ಟಲನ್ನು ಕೆಳಗಿಟ್ಟು ನಕ್ಕ. "ಹೌದ್ರಿ ಯಜಮಾನ್ರ. ನೀವೂ ಕೇಳಿದ್ರಿ."

ನನಗೆ ಆ ದಿನ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ನಾನು ಆಗ ಐದನೆಯ ಇಯತ್ತೆಯಲ್ಲಿದ್ದೆ. ನಮ್ಮ ಕಡೆಗೆ ಆಳಿನ ವರ್ಷ ಯುಗಾದಿಯ ಪಾಡ್ಯದಿಂದ ಪಾಡ್ಯಕ್ಕೆ. ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗ, ಇದೇ ಕಟ್ಟೆಯ ಕೆಳಗೆ, ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡ ಒಬ್ಬ ಹರೆಯದವನು ಬಂದು ನಿಂತಿದ್ದ. ಇನ್ನೊಂದು ಊರಿನ ಒಬ್ಬ ದೊಡ್ಡ ರೈತರ ಮನೆಯಲ್ಲಿ ಅವನ ವರ್ಷ ಇನ್ನೂ ಮುಗಿದಿರಲಿಲ್ಲ. ಅಪ್ಪ ಮೊದಲು ಕೇಳಿದ್ದೇ ಅದು: "ಈಗಿದ್ದವರು ಎಷ್ಟ ಕೊಡತಾರ? ಯಾಕ ಬಿಡತಿ?"

ಅವನು ಕೆಳಗೆ ನೋಡುತ್ತಲೇ ಹೇಳಿದ್ದ: "ಆ ಮನಿ ಮಾತು ಆ ಮನ್ಯಾಗ ಇರಲ್ರಿ, ಯಜಮಾನ್ರ. ಇನ್ನ ಹದಿನೈದ ದಿನ ಅವರ ಉಪ್ಪು ತಿನ್ನಾಂವ ಅದೀನಿ. ನಿಮ್ಮ ಹೊಲ ಎಷ್ಟ ಎಕರೆ, ಎತ್ತು ಎಷ್ಟು, ಹೈನ ಎಷ್ಟು, ರಾತ್ರಿ ಕಣಾ ಕಾಯಾಂವ ಯಾರು, ಅದನ್ನ ಹೇಳ್ರಿ. ಕೇಳಿದ ಮ್ಯಾಲ ನನ್ನ ಸಂಬಳ ನಾ ಹೇಳತೀನಿ. ಒಪ್ಪಿದ್ರ ಪಾಡ್ಯಕ್ಕ ಬರತೀನಿ."

ಅಪ್ಪನಿಗೆ ಸಿಟ್ಟು ಬಂದಿತ್ತೋ ಇಲ್ಲವೋ ನನಗೆ ನೆನಪಿಲ್ಲ. "ಒಂದ ಮನಿ ಮಾತು ಇನ್ನೊಂದ ಮನ್ಯಾಗ ಆಡದಾಂವ, ನಾಳೆ ನಮ್ಮ ಮಾತೂ ಹೊರಗ ಆಡೂದಿಲ್ಲ" ಎಂದು ರಾತ್ರಿ ಅವ್ವನಿಗೆ ಹೇಳಿದ್ದು ನೆನಪಿದೆ. ವರ್ಷಕ್ಕೆ ಎಂಟು ಚೀಲ ಜೋಳ, ಎರಡು ಧೋತರ, ಒಂದು ಕಂಬಳಿ, ಒಂದು ಜತೆ ಚಪ್ಪಲಿ, ಮೇಲೆ ರೊಕ್ಕ ಇಷ್ಟು ಎಂದು ಮಾತಾಗಿತ್ತು.

"ಕಾಕಾ, ಖರೇ ಹೇಳು" ಎಂದೆ ನಾನು. "ಆವಾಗ ಆ ಮನ್ಯಾಗ ನಿನಗ ಎಷ್ಟ ಕೊಡತಿದ್ರು?"

ಅಷ್ಟು ವರ್ಷ ಯಾರಿಗೂ ಹೇಳದ ಮಾತು. ಆ ಮನೆಯ ಹಿರಿಯರು ಈಗ ಇಲ್ಲ. ಹೇಳಿದರೆ ಯಾರ ಉಪ್ಪಿಗೂ ದ್ರೋಹವಿಲ್ಲವೆಂದು ಅವನಿಗೆ ಅನಿಸಿತೋ ಏನೋ.

"ನಾಕ ಚೀಲ ಜ್ವಾಳ, ಒಂದ ಧೋತ್ರ" ಎಂದ. "ರೊಕ್ಕಾ ಅಂಬೂದು ಇರಲಿಲ್ಲ. ನಮ್ಮಪ್ಪನ ಸಾಲಕ್ಕ ಮುರಕೊಂತಿದ್ರು. ನಾಕ ಅಂತ ನಾ ಬಾಯಿ ಬಿಟ್ಟಿದ್ರ, ಯಜಮಾನ್ರು ಐದು ಅಂತಿದ್ರು. ಭಾಳ ಆದ್ರ ಆರು."

ನಾನು ಅಪ್ಪನ ಮುಖ ನೋಡಿದೆ. ಅವರು ಅಂಗಳದ ಕಡೆಗೆ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಹೌದೋ ಮಾರಾಯಾ. ಅಂತಿದ್ದೆ" ಎಂದರು. ಅವರಿಗೆ ಎಪ್ಪತ್ತೈದರ ಮೇಲಾಗಿದೆ. ಆ ಮಾತನ್ನು ಒಪ್ಪಿಕೊಳ್ಳದೆ ಇದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಜೀತವನ್ನು 1976ರಲ್ಲಿಯೇ ಕಾಯದೆ ತೊಡೆದುಹಾಕಿತ್ತು. ಆದರೆ ಸಾಲದ ಹೆಸರಿನಲ್ಲಿ ಅದು ಎಷ್ಟು ಕಾಲ ಹಿತ್ತಲ ಬಾಗಿಲಿನಿಂದ ಬಂದುಹೋಗುತ್ತಿತ್ತೆಂಬುದು ಆ ನಾಲ್ಕು ಚೀಲದಲ್ಲಿ ಕಾಣುತ್ತದೆ. ಕಾಕಾನ ಹಳೆಯ ಸಂಬಳ ಅವನ ದುಡಿಮೆಯ ಬೆಲೆಯಾಗಿರಲಿಲ್ಲ. ಅವನಪ್ಪನ ಅಡಚಣೆಯ ಬೆಲೆಯಾಗಿತ್ತು. ಅದನ್ನು ಹೊಸ ಮನೆಗೆ ಹೊತ್ತು ತಂದಿದ್ದರೆ, ಅಡಚಣೆಯೂ ಅವನ ಕೂಡ ಹೊಸ ಮನೆಗೆ ಬರುತ್ತಿತ್ತು.

ಆ ಮಧ್ಯಾಹ್ನ ನಾನು ನನ್ನ ಲೆಕ್ಕವನ್ನೂ ಹಿಂದಕ್ಕೆ ತಿರುವಿ ನೋಡಿದೆ. ನಾನು ಮೊದಲ ನೌಕರಿಗೆ ಸೇರಿದ್ದು 2003ರಲ್ಲಿ. ಕರ್ನಾಟಕಕ್ಕೆ ಬೆನ್ನಬೆನ್ನಿಗೆ ಬರ ಬಿದ್ದ ವರ್ಷಗಳು ಅವು. ಮನೆಯಲ್ಲಿ ಕಾಳಿಲ್ಲ, ಬಾವಿಯಲ್ಲಿ ನೀರಿಲ್ಲ. ಎಷ್ಟು ಕೊಡುತ್ತೀರಿ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ಕೊಟ್ಟಷ್ಟಕ್ಕೆ ಕೈಮುಗಿದೆ. ಎರಡನೆಯ ನೌಕರಿಯವರು ಅದರ ಮೇಲೆ ಇಪ್ಪತ್ತು ಪ್ರತಿಶತ ಏರಿಸಿದರು. ಮೂರನೆಯವರು ಅದರ ಮೇಲೆ ಇನ್ನಿಷ್ಟು. ಯಾರೂ ಮೋಸ ಮಾಡಲಿಲ್ಲ, ಎಲ್ಲರೂ ಏರಿಸಿದವರೇ. ಆದರೂ ಆ ವರ್ಷದ ಬರಗಾಲ ಇಂದಿಗೂ ನನ್ನ ಪಗಾರದ ತಳದಲ್ಲಿ ಕುಳಿತಿದೆ. ಆಮೇಲೆ ಎಷ್ಟು ಮಳೆಯಾದರೂ ಅದು ಎದ್ದು ಹೋಗಿಲ್ಲ.

ಇದು ಯರಗುಪ್ಪಿಯ ಕಟ್ಟೆಯ ಮಾತು ಮಾತ್ರವಲ್ಲ. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಆಯ್ಲೀನ್ ರಿಝೋ ಎಂಬ ಗಣಿತ ಶಿಕ್ಷಣದ ಸಲಹೆಗಾರ್ತಿ 2009ರಲ್ಲಿ ಫ್ರೆಸ್ನೋ ಜಿಲ್ಲೆಯ ಶಿಕ್ಷಣ ಕಚೇರಿಗೆ ಸೇರಿದರು. ಹಿಂದಿನ ಸಂಬಳಕ್ಕೆ ಐದು ಪ್ರತಿಶತ ಸೇರಿಸಿ ಹೊಸ ಸಂಬಳವನ್ನು ಗೊತ್ತುಮಾಡುವದು ಅಲ್ಲಿಯ ಪದ್ಧತಿ. ಮೂರು ವರ್ಷಗಳ ನಂತರ, ಊಟದ ಹೊತ್ತಿನ ಹರಟೆಯಲ್ಲಿ, ಅದೇ ಕೆಲಸಕ್ಕೆ ಹೊಸದಾಗಿ ಬಂದ ಗಂಡಸಿಗೆ ತಮಗಿಂತ ಹೆಚ್ಚು ಸಂಬಳವೆಂದು ಅವರಿಗೆ ತಿಳಿಯಿತು. ಅವರು ನ್ಯಾಯಾಲಯಕ್ಕೆ ಹೋದರು. ಗಂಡು-ಹೆಣ್ಣಿನ ಸಂಬಳದ ಅಂತರಕ್ಕೆ "ಹಿಂದೆ ಅಷ್ಟೇ ಇತ್ತು" ಎಂಬುದು ಸಮರ್ಥನೆಯಾಗಲಾರದೆಂದು ಅಲ್ಲಿಯ ಒಂಬತ್ತನೆಯ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು; ಆ ತೀರ್ಪು ಒಂದು ತಾಂತ್ರಿಕ ಕಾರಣದಿಂದ ರದ್ದಾಗಿ ಬರಲು, 2020ರಲ್ಲಿ ಮತ್ತೆ ಅದನ್ನೇ ಹೇಳಿತು. ಆಫರ್ ಕೊಡುವ ಮೊದಲು ಹಳೆಯ ಸಂಬಳವನ್ನು ಕೇಳಕೂಡದೆಂದು ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿಯೇ ಕಾನೂನು ಮಾಡಿತ್ತು. ಅದು 2018ರಲ್ಲಿ ಜಾರಿಗೆ ಬಂದಿತು. ಯುರೋಪಿನ ಒಕ್ಕೂಟ 2023ರ ತನ್ನ ನಿರ್ದೇಶದಲ್ಲಿ ಇನ್ನೂ ಮುಂದೆ ಹೋಗಿ, ಹಳೆಯದನ್ನು ಕೇಳಬೇಡಿರಿ, ನೀವು ಕೊಡುವದು ಎಷ್ಟೆಂಬುದನ್ನು ಮೊದಲೇ ತಿಳಿಸಿರಿ ಎಂದು ಹೇಳಿ, ಸದಸ್ಯ ದೇಶಗಳಿಗೆ 2026ರ ಜೂನ್ 7ರ ಗಡುವನ್ನು ಹಾಕಿತು. ಕಂಬಳಿಯ ಮನುಷ್ಯ ನಮ್ಮ ಕಟ್ಟೆಯ ಕೆಳಗೆ ನಿಂತು ಹೇಳಿದ್ದು ಇವೆರಡೇ ಮಾತು.

ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. ಖಾಸಗಿ ಬಾಳು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಅಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಆ ದೊಡ್ಡ ತೀರ್ಪನ್ನು ಹಿಡಿದುಕೊಂಡು ಮೆಟ್ಟಿಲ ತಿರುವಿನಲ್ಲಿ ವಾದ ಮಾಡಲಾದೀತೆ? ಅಲ್ಲಿ ಬೇಕಾದದ್ದು ಒಂದು ಸಣ್ಣ ವಾಕ್ಯ, ಸುಳ್ಳಲ್ಲದ್ದು, ಒರಟಲ್ಲದ್ದು.

ಅಪ್ಪ ಮೆಣಸಿನಕಾಯಿಯನ್ನು ಬ್ಯಾಡಗಿಗೆ ಒಯ್ಯುತ್ತಾರೆ. ಅಲ್ಲಿ ಖರೀದಿದಾರರು ಕಾಯಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಹಸಿ ಎಷ್ಟಿದೆಯೆಂದು ನೋಡುತ್ತಾರೆ, ಆಮೇಲೆ ತಮ್ಮ ತಮ್ಮ ದರವನ್ನು ಟೆಂಡರಿನಲ್ಲಿ ಹಾಕುತ್ತಾರೆ. "ಹೋದ ವರ್ಷ ನಿಮ್ಮದು ಎಷ್ಟಕ್ಕ ಹೋಗಿತ್ತರಿ? ಅದರ ಮ್ಯಾಲ ಇಷ್ಟ ಹಾಕತೀನಿ" ಎಂದು ಯಾವ ಖರೀದಿದಾರನೂ ಅಪ್ಪನಿಗೆ ಅಂದಿಲ್ಲ. ಕಾಯಿಗೆ ಇರುವ ಈ ಮರ್ಯಾದೆ ಅದನ್ನು ಬೆಳೆದವನ ಮಗನಿಗೂ ಇರಬಾರದೆ?

ಯುಗಾದಿ ಮುಗಿಸಿಕೊಂಡು ಹುಬ್ಬಳ್ಳಿಗೆ ಬಂದ ಎರಡು ವಾರಕ್ಕೆ ಬೆಂಗಳೂರಿನಿಂದ ಇನ್ನೊಂದು ಕರೆ ಬಂದಿತು. ಹುಡುಗಿಯ ದನಿ. ಮೊದಲು ಇಂಗ್ಲಿಷಿನಲ್ಲಿ ನಡೆಯಿತು. ಊರು ಕೇಳಿದಳು, ಹೇಳಿದೆ.

"ಹೌದೇನ್ರಿ ಸರ್! ನಮ್ಮದು ಅಣ್ಣಿಗೇರಿ ರಿ!"

ಅಲ್ಲಿಗೆ ಇಂಗ್ಲಿಷು ಮುಗಿಯಿತು. ನನಗೂ ಬಸ್ಸಿನಲ್ಲಿ ಕುಳಿತ ಹಾಗಾಯಿತು. ಅಪಾಯ ಇರುವದೂ ಅಲ್ಲಿಯೇ. ನಮ್ಮ ಕಡೆಯ ಮಾತಿನಲ್ಲಿ ಕೇಳಿದರೆ ನಮ್ಮ ಕಡೆಯವರು ಏನನ್ನಾದರೂ ಹೇಳಿಬಿಡುತ್ತೇವೆ. ಕೆಲಸದ ವಿಷಯ ಕೇಳಿದಳು, ಎಲ್ಲವನ್ನೂ ವಿವರವಾಗಿ ಹೇಳಿದೆ. ಬಿಡುಗಡೆಗೆ ಎಷ್ಟು ದಿನ ಬೇಕೆಂದು ಕೇಳಿದಳು, ಎರಡು ತಿಂಗಳೆಂದೆ. ಇವು ಕೇಳಲೇಬೇಕಾದ ಪ್ರಶ್ನೆಗಳು; ಬರುವ ಆಳು ಎಂದು ಬರುತ್ತಾನೆ, ಏನು ಬಲ್ಲ ಎಂದು ತಿಳಿಯದೆ ಯಾರು ತಾನೇ ಇಟ್ಟುಕೊಂಡಾರು? ಆಮೇಲೆ ಅದು ಬಂತು.

"ಈಗಿನ ಪಗಾರ ಎಷ್ಟ ರಿ ಸರ್?"

"ಅದು ಈಗಿರೂ ಮನಿ ಮಾತು, ತಂಗಿ. ಅದು ಅಲ್ಲೇ ಇರಲಿ. ಈ ಕೆಲಸಕ್ಕ ನಿಮ್ಮ ಕಂಪನಿಯವರು ಎಷ್ಟ ಇಟ್ಟಾರ, ಅದನ್ನ ಹೇಳ್ರಿ. ನನಗ ಹೊಂದಿದ್ರ ಮುಂದ ಮಾತಾಡೂಣು. ಹೊಂದಲಿಲ್ಲಂದ್ರ ನಿಮ್ಮ ವ್ಯಾಳ್ಯಾನೂ ಉಳೀತು, ನನ್ನದೂ ಉಳೀತು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಫೋನು ಇಟ್ಟಳೆಂದೇ ತಿಳಿದೆ.

"ಸರ್, ಆ ಕಾಲಂ ಖಾಲಿ ಬಿಟ್ರ ಫಾರ್ಮ್ ಮುಂದ ಹೋಗೂದಿಲ್ಲರಿ."

"ಸೊನ್ನಿ ಹಾಕ್ರಿ."

"ಸೊನ್ನಿ ಹಾಕಿದ್ರ ನಮ್ಮ ಮ್ಯಾಡಮ್ ಬೈತಾರ್ರಿ."

ಪಾಪ, ಅವಳದೂ ಒಂದು ನೌಕರಿಯೇ. ದಿನಕ್ಕೆ ಇಷ್ಟು ಕರೆ, ಇಷ್ಟು ಫಾರ್ಮು ಎಂದು ಅವಳ ಮೇಲೂ ಒಬ್ಬರು ಕುಳಿತಿರುತ್ತಾರೆ. ಪ್ರಶ್ನೆ ಅವಳದಲ್ಲ, ಅವಳು ಬಾಯಿ ಮಾತ್ರ. ನನಗೆ ಒಮ್ಮೆಲೆ ಏನೋ ಹೊಳೆಯಿತು.

"ತಂಗಿ, ನಿಮಗ ಅವರು ಎಷ್ಟ ಪಗಾರ ಕೊಡತಾರವ್ವಾ?"

"ಅಯ್ಯ ಸರ್! ಅದನ್ನ ಯಾರ ಮುಂದೂ ಹೇಳೂದಿಲ್ಲ ಅಂತ ಬರಕೊಟ್ಟೀನ್ರಿ" ಎಂದಳು, ಎಂದವಳೇ ತನ್ನ ಮಾತು ತನಗೇ ತಿಳಿದು ಗೊಳ್ಳನೆ ನಕ್ಕಳು.

"ನಾನೂ ಬರಕೊಟ್ಟೀನವ್ವಾ"" ಎಂದೆ. ಸುಳ್ಳಲ್ಲ. ಸಂಬಳವನ್ನು ಗೌಪ್ಯವಾಗಿಡತಕ್ಕದ್ದು ಎಂಬ ಕಲಮು ನನ್ನ ನೇಮಕದ ಪತ್ರದಲ್ಲಿಯೂ ಇದೆ. ತಮ್ಮ ನೌಕರರ ಬಾಯಿಗೆ ಇಂಥ ಬೀಗ ಹಾಕುವವರೇ ಬೇರೆಯವರ ನೌಕರರ ಬೀಗವನ್ನು ತೆರೆಯಿರೆಂದು ಕೇಳುತ್ತಾರೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವಳು ಸೊನ್ನೆ ಹಾಕಿದಳು. ಪಕ್ಕದಲ್ಲಿ "ಗೌಪ್ಯ" ಎಂದು ಬರೆದುಕೊಂಡಳು. ದನಿಯನ್ನು ತಗ್ಗಿಸಿ, ಆ ಕೆಲಸಕ್ಕೆ ಇಟ್ಟ ಸಂಬಳ ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳಿದಳು. ನಾನು ಗೋಡೆಗೆ ಒರಗಿಕೊಂಡೆ. ಅದರ ಕೆಳಗಿನ ಅಂಚೇ ನಾನು ಹೆದರುತ್ತ ಕೇಳಬೇಕೆಂದಿದ್ದ ಮೊತ್ತಕ್ಕಿಂತ ಮೇಲಿತ್ತು. ನಾಲ್ಕು ಚೀಲದವನು ಎಂಟು ಚೀಲದ ಮನೆಯ ಮುಂದೆ ನಿಂತಿದ್ದ.

ಮೇಲಧಿಕಾರಿಯ ನಂಬರು ಕೇಳಿದಾಗ, "ಆಫರ್ ಕೈಗೆ ಬಂದು ನಾನು ರಾಜೀನಾಮೆ ಕೊಟ್ಟ ಮ್ಯಾಲ ಕೊಡತೀನಿ" ಎಂದೆ. ಅದಕ್ಕೂ ಒಪ್ಪಿದಳು. ಒಪ್ಪುವದಿಲ್ಲವೆಂಬ ಹೆದರಿಕೆಯಲ್ಲಿ ಇಷ್ಟು ದಿನ ಕೇಳಿಯೇ ಇರಲಿಲ್ಲ.

ಆ ನೌಕರಿ ನನಗೆ ದೊರೆಯಲಿಲ್ಲ. ಎರಡು ಸುತ್ತು ಮಾತುಕತೆಯಾಗಿ, ಬೆಂಗಳೂರಿಗೆ ಮನೆಯನ್ನೇ ಕಿತ್ತುಕೊಂಡು ಬರುವವರು ಬೇಕೆಂದರು. ಅಪ್ಪ-ಅವ್ವನನ್ನು ಬಿಟ್ಟು ಅಷ್ಟು ದೂರ ಹೋಗಲು ನನ್ನಿಂದಾಗಲಿಲ್ಲ. ಆಮೇಲೆಯೂ ಇದೇ ಉತ್ತರ ಕೊಟ್ಟಾಗ ಇಬ್ಬರು "ಹಾಗಾದರೆ ಬೇಡ ಬಿಡಿ" ಎಂದು ಫೋನು ಇಟ್ಟಿದ್ದಾರೆ. ಈ ವಾಕ್ಯಕ್ಕೆ ಬೆಲೆ ತೆರಬೇಕಾಗುತ್ತದೆ, ಅದನ್ನು ಮುಚ್ಚಿಡಲಾರೆ. ಮನೆಯಲ್ಲಿ ಒಲೆ ಹೊತ್ತದಿರುವಾಗ ಅದನ್ನು ಆಡಲು ಆಗುವದಿಲ್ಲವೆಂಬುದೂ ನನಗೆ ಗೊತ್ತು. 2003ರಲ್ಲಿ ನಾನು ಆಡಲಿಲ್ಲ. ಕಾಕಾ ಮಾತ್ರ ಒಲೆ ಹೊತ್ತದ ಮನೆಯಿಂದ ಬಂದು ಅದನ್ನು ಆಡಿದ್ದ. ಅದನ್ನು ನೆನೆದಾಗ ನನಗೆ ಅವನ ಮುಂದೆ ತಲೆ ಬಾಗುತ್ತದೆ.

ಆದರೆ ಆ ಮೊತ್ತ ನನ್ನ ಬಳಿಯಲ್ಲಿ ಉಳಿಯಿತು. ನನ್ನ ಕೆಲಸದ ಪೇಟೆಯ ದರ ಎಷ್ಟೆಂದು ತಿಳಿದ ಮೇಲೆ, ಒಂದು ಸಂಜೆ ವ್ಯವಸ್ಥಾಪಕರ ಕೋಣೆಗೆ ಕರೆಯದೆಯೇ ಹೋದೆ. ಬಾಗಿಲನ್ನು ನಾನೇ ಮುಂದೆ ಮಾಡಿದೆ. "ಈ ಸಲ ಬ್ಯಾರೇದವರ ಬಾಯಿಲೆ ನೀವು ಕೇಳಬಾರದು ಅಂತ ಬಂದೀನ್ರಿ" ಎಂದು, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರಸಿಕೊಂಡು, "ವಿಚಾರ ಮಾಡೂಣ್ರಿ" ಎಂದರು. ಶ್ರಾವಣದ ಪಗಾರದಲ್ಲಿ ಅರ್ಧದಷ್ಟು ವಿಚಾರ ಕಂಡುಬಂದಿತು. ಉಳಿದರ್ಧದ ದಾರಿ ನೋಡುತ್ತಿದ್ದೇನೆ. ಮೊಬೈಲನ್ನೂ ಬಂದು ಮಾಡಿಲ್ಲ.

ನಾಗರಪಂಚಮಿಗೆ ಊರಿಗೆ ಹೊರಟಾಗ ಬಸ್ಸಿನಲ್ಲಿ ಕಿಡಕಿಯ ಬದಿಗೇ ಜಾಗ ಸಿಕ್ಕಿತು. ಮಗ್ಗುಲಿಗೆ ಪಟಗಾ ಸುತ್ತಿದ ಹಿರಿಯರೊಬ್ಬರು, ತೊಡೆಯ ಮೇಲೆ ಒಂದು ಚೀಲ. ಕ್ರಮದಂತೆ ಎಲ್ಲವೂ ನಡೆಯಿತು. ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು. ಕೊನೆಗೆ, "ಪಗಾರ ಎಷ್ಟ ಬರತೈತಿ?"

ನೇಮಕದ ಪತ್ರದ ಕಲಮು ನೆನಪಾಯಿತು. ಆದರೆ ಅದನ್ನು ಬರೆದವರು ಈ ಬಸ್ಸಿನಲ್ಲಿ ಎಂದೂ ಕುಳಿತವರಲ್ಲ. ನಾನು ಒಂದು ರೂಪಾಯಿಯನ್ನೂ ಏರಿಸದೆ, ಇಳಿಸದೆ, ಇದ್ದಷ್ಟನ್ನೂ ಹೇಳಿದೆ. ಈ ಮನುಷ್ಯ ನನ್ನ ಬೆಲೆ ಕಟ್ಟಲಿಕ್ಕೆ ಕೇಳಿದ್ದಲ್ಲ. ಊರ ಹುಡುಗ ಎರಡು ಹೊತ್ತು ಉಣ್ಣುವಷ್ಟು ದುಡಿಯುತ್ತಾನೋ ಇಲ್ಲವೋ ಎಂದು ನೋಡಲಿಕ್ಕೆ ಕೇಳಿದ್ದು.

ಅವರು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು.

"ಅಷ್ಟ ಏನು? ನಮ್ಮ ತಂಗಿ ಮಗ ಬೆಂಗಳೂರಾಗ ಇದರ ಎರಡ ಪಟ್ಟ ತಗೋತಾನ" ಎಂದರು. ನನ್ನ ಮುಖ ಬಾಡಿತೆಂದು ಅನಿಸಿತೋ ಏನೋ, ಚೀಲದೊಳಗೆ ಕೈಹಾಕಿ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಅಂಗೈಯಲ್ಲಿ ಸುರಿದರು.

"ಇರಲಿ ಬಿಡಪಾ. ನಿನಗ ಊರ ಸನೇ ಐತಿ."